ಬಾಗಿಲಿಗೆ ಅಡ್ಡ ಇಟ್ಟ ಪೊರಕೆ

ಹಾಗೋಪ್,

ನೀನು ಯಾವ ದೇಶದಲ್ಲಿದ್ದೀಯೋ ಗೊತ್ತಿಲ್ಲ, ಇದು ನಿನ್ನ ಕೈ ಸೇರುವುದೂ ಇಲ್ಲ. ಆದರೂ ಜೆರುಸಲೇಮಿನ ಇವತ್ತಿನ ಸುದ್ದಿಯನ್ನು ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ಮತ್ತೆ ಹೊರಗಿನವರಿಗೆ ಕೋಟೆಬಾಗಿಲು ಮುಚ್ಚಿದರು. ಯಾತ್ರಿಕರಿಲ್ಲ, ನಮಾಜಿಗೆ ಬರುವ ಹಳ್ಳಿಯವರೂ ಇಲ್ಲ. ನನ್ನ ಮಸಾಲೆ ಮೂಟೆಗಳಿಗೆ ಹುಳ ಬಿದ್ದಿದೆ. ಓಣಿಯಲ್ಲಿ ಓಡಾಡಿದ್ದು ಬಂದೂಕಿನವರು ಮಾತ್ರ. ಅವರಲ್ಲೊಬ್ಬ ನಿನ್ನ ಪಿಂಗಾಣಿ ಅಂಗಡಿಯ ಮುಂದೆ ನಿಂತು, ನಾನು ದಿನಾ ಬಾಗಿಲು ತೆಗೆದು ಅಡ್ಡ ಇಡುವ ಪೊರಕೆಯನ್ನು ಬೂಟಿನಿಂದ ಒದ್ದ.

"ಇದ್ಯಾಕೆ ಇಲ್ಲಿ?"

"ಅಂಗಡಿಯವ್ನು ಇಲ್ಲೇ ಹೋಗಿದಾನೆ, ಈಗ ಬರ್ತಾನೆ ಅಂತ. ಪೊರಕೆ ಅಡ್ಡ ಇದ್ರೆ ಈ ಪೇಟೇಲಿ ಯಾರೂ ಒಳಗೆ ಕಾಲಿಡಲ್ಲ."

ಅವನು ಒಳಗೆ ಇಣುಕಿದ. "ತಟ್ಟೆ ಮೇಲೆ ಇಷ್ಟು ಧೂಳು ಕೂತಿದೆ. ಎಲ್ಲಿಗೆ ಹೋದ ನಿಮ್ಮ ಸಾಹುಕಾರ?"

"ರೊಟ್ಟಿ ತರೋಕೆ."

ಅವನು ನಕ್ಕು ಮುಂದೆ ಹೋದ. ನಾನು ಹೇಳಿದ್ದು ಸುಳ್ಳೇನಲ್ಲ. ಅವತ್ತು ನೀನು ಪೊರಕೆ ಅಡ್ಡ ಇಟ್ಟು ಹೊರಟಾಗ ನಿನ್ನ ಕೈಯಲ್ಲಿ ಬಟ್ಟೆಯ ಪೆಟ್ಟಿಗೆಯಿತ್ತು. ನಾನು ಅದನ್ನು ನೋಡಿಯೂ, "ಬರ್ತಾ ಎಳ್ಳಿನ ರೊಟ್ಟಿ ತಗೊಂಡ್ಬಾ" ಎಂದಷ್ಟೇ ಹೇಳಿದ್ದೆ. ನೀನು "ಆಯ್ತು" ಎಂದಿದ್ದೆ.

ಮಧ್ಯಾಹ್ನ ನಿನ್ನ ಪೊರಕೆಯನ್ನು ಮತ್ತೆ ಅಡ್ಡ ಇಟ್ಟೆ. ಆಮೇಲೆ ನನ್ನ ಬಾಗಿಲಿಗೂ ಒಂದು ಇಟ್ಟೆ. ಪಕ್ಕದಲ್ಲಿ ಪುದೀನ ಮಾರುವ ಉಮ್ಮ್ ನಿಜಾರ್ ನನ್ನ ಕೈಯಲ್ಲಿದ್ದ ಬಟ್ಟೆಯ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಇನ್ನು ಸಂಜೆ ಎರಡೂ ಅಂಗಡಿಗಳ ಬಾಗಿಲು ಎಳೆಯಬೇಕಾದವಳು ಅವಳೇ.

ಪುದೀನದ ಕಟ್ಟಿಗೆ ನೀರು ಚಿಮುಕಿಸುತ್ತಾ, "ಬರ್ತಾ ಎಳ್ಳಿನ ರೊಟ್ಟಿ ತಗೊಂಡ್ಬನ್ನಿ, ಅಬು ರಮ್ಜಿ" ಎಂದಳು.