ನಾನು ಒರೆಸಿದ ಬಿಳಿ ರಟ್ಟು

ಚಿ. ಸೌ. ಅಂಜಲಿಗೆ ಆಶೀರ್ವಾದಗಳು.

ನೀನು ಕೂಸಿನೊಡನೆ ಗುಡಿಯಿಂದ ಮರಳುವ ಮುನ್ನ ನಾನು ಬಸ್ಸು ಹಿಡಿಯಬೇಕಾಗಿದೆ. ಕೂಸನ್ನು ಇನ್ನು ಒಳಕೋಣೆಯಲ್ಲಿ ಮಲಗಿಸಬೇಡ.

ಧೂಳು ಅಳೆಯಲೆಂದು ಮೇಘಾ ಪರಿಸರ ಶಿಬಿರದಿಂದ ತಂದು ತೊಟ್ಟಿಲ ಬಳಿ ತೂಗುಹಾಕಿದ ಬಿಳಿ ರಟ್ಟಿಗೆ ಧೂಳು ಹಿಡಿಯಲು ಹಚ್ಚಿದ್ದ ವ್ಯಾಸಲೀನನ್ನು ನಾನು ಮೈಲಿಗೆಯೆಂದು ನಿತ್ಯ ಒರೆಸಿ, ತುಪ್ಪ ಸವರುತ್ತಿದ್ದೆ. ಅದನ್ನರಿಯದೆ ಅವಳು ಬೆಳ್ಳಗಿದ್ದ ರಟ್ಟನ್ನು ನೋಡಿ, “ಅಜ್ಜಾ, ಒಳಗ ಧೂಳ ಇಲ್ಲ, ತಮ್ಮನ್ನ ಅಲ್ಲೇ ಮಲಗಸ್ರಿ” ಎಂದು ಹೇಳಿ ಶಿಬಿರಕ್ಕೆ ಮರಳಿದಳು.

ಏಕಾದಶಿಯ ಪಾರಾಯಣದಲ್ಲಿ ಎರಡು ದಿನ ಒರೆಸುವುದು ತಪ್ಪಿತು. ಕಿಟಕಿ ಮುಚ್ಚಿದ್ದರೂ ಕಾರ್ಖಾನೆಯ ಮಸಿ ಕೂತು ರಟ್ಟು ಕಾಡಿಗೆಯಂತಾಗಿದೆ.

ಕೂಸಿನ ಕೆಮ್ಮು ಬಾಲಗ್ರಹವಲ್ಲ. ನಾನು ಕಟ್ಟಿದ ರಕ್ಷೆ ಇರಲಿ, ಇಂದೇ ವೈದ್ಯರಲ್ಲಿಗೆ ಹೋಗು.

ತಳಕಲ್ಲಿನ ಶಿಬಿರಕ್ಕೆ ಹೋಗಿ ಮೇಘಾಳಿಗೆ ನನ್ನ ತಪ್ಪನ್ನು ಹೇಳಿಬರುತ್ತೇನೆ.

ತೊಟ್ಟಿಲ ಬಟ್ಟೆ ಒಗೆಯದೆ ವೈದ್ಯರಿಗೆ ತೋರಿಸು. ಕೂಸು ಮಲಗಿದ್ದಷ್ಟೇ ಜಾಗ ಬೆಳ್ಳಗೆ ಉಳಿದಿದೆ.

ನಿನ್ನ ಮಾವ