ಮಾದರಿ ಕೋಣೆಯ ಪಾರಿತೋಷಕ ಹಿಂದಕ್ಕೆ ತರಿಸಿಕೊಂಡ ಪ್ರಾಂಶುಪಾಲರಿಗೆ

ಮಾನ್ಯ ಪ್ರಾಂಶುಪಾಲರೇ,

ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವವರನ್ನು ಇದುವರೆಗೆ ನಾನು ಪಾಠ ಹೇಳುವ ಒಂದನೇ ತರಗತಿಯಲ್ಲಿ ಮಾತ್ರ ಕಂಡಿದ್ದೆ. ಪಕ್ಕದವನಿಗೆ ಪೆನ್ಸಿಲ್ ಕೊಟ್ಟು, ಆಮೇಲೆ ಟೂ ಬಿಟ್ಟು, "ನನ್ ಪೆನ್ಸಿಲ್ ಕೊಡೋ" ಎಂದು ಅಳುವವರಿಗೆ ಅಲ್ಲಿ ಆರು ವರ್ಷ. ತಮ್ಮ ವಯಸ್ಸು ಕೇಳುವ ಧೈರ್ಯ ನನಗಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ 'ಮಾದರಿ ಕೋಣೆ' ಪಾರಿತೋಷಕವನ್ನು ಹೋದ ತಿಂಗಳು ತಾವೇ ನನ್ನ ಮಗಳಿಗೂ ಅವಳ ಗೆಳತಿಗೂ ಕೊಟ್ಟಿರಿ, ಈ ತಿಂಗಳು ಜವಾನನನ್ನು ಕಳಿಸಿ ತರಿಸಿಕೊಂಡಿರಿ. ಅಷ್ಟರಲ್ಲಿ ಕೋಣೆ ಕೊಳೆಯಾಗಿತ್ತೇ? ಜೇಡರ ಬಲೆ ಕಟ್ಟಿತ್ತೇ? ಇಲ್ಲ. ಆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ ಎಂಬುದು ತಮಗೆ ಗೊತ್ತಾಯಿತು, ಅಷ್ಟೇ.

ಇದನ್ನು ಪತ್ರಿಕೆಗೆ ಬರೆದು ಮಗಳ ಗುಟ್ಟು ಬಯಲು ಮಾಡುವುದು ಸರಿಯೇ ಎಂದು ತಾವು ಕೇಳಬಹುದು. ಪಾರಿತೋಷಕ ಹಿಂಪಡೆದ ಕಾರಣ ಬರೆದು ಹಚ್ಚಿದ ತಮ್ಮ ಸೂಚನಾ ಫಲಕ ಆ ಕೆಲಸವನ್ನು ನನಗಿಂತ ಮೊದಲೇ, ದಪ್ಪ ಅಕ್ಷರಗಳಲ್ಲಿ ಮಾಡಿ ಮುಗಿಸಿದೆ. ಆದರೂ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಮೊದಲ ಕರಡು ಓದಿದ ಮಗಳು, "ಅಮ್ಮಾ, ಸರ್‌ನ ತುಂಬಾ ಕಿಚಾಯಿಸಿದ್ದೀಯ, ಸ್ವಲ್ಪ ಕಡಿಮೆ ಮಾಡು" ಅಂದಳು. ತಾವೀಗ ಓದುತ್ತಿರುವುದು ಕಡಿಮೆ ಮಾಡಿದ ಮೇಲಿನದು.

ಬಹುಮಾನದ ಸಮಾರಂಭಕ್ಕೆ ನಾನೂ ನನ್ನ ಯಜಮಾನರೂ ಬಂದಿದ್ದೆವು. ತಾವು ಮೈಕು ಹಿಡಿದು, "ಈ ಇಬ್ಬರನ್ನ ನೋಡಿ ಕಲೀರಿ. ಗೇಟಿನ ಹತ್ರ ಒಬ್ಬ ಹುಡುಗನ ಜೊತೆ ನಿಂತಿದ್ದನ್ನ ಯಾರೂ ನೋಡಿಲ್ಲ. ಎಲ್ಲರೂ ಇವರ ಹಾಗೇ ಆಗ್ಬೇಕು!" ಎಂದಿರಿ. ಸಭಾಂಗಣವೆಲ್ಲ ಚಪ್ಪಾಳೆ. ನನ್ನ ಯಜಮಾನರಂತೂ ಅಂಗೈ ಕೆಂಪಾಗುವಷ್ಟು ತಟ್ಟಿದರು. ಆಮೇಲೆ ಚಹಾ ಕುಡಿಯುವಾಗ ವಾರ್ಡನ್ ಮೇಡಂ ಸಲಿಗೆಯಿಂದ, "ಇಷ್ಟು ಅಂಟಿಕೊಂಡಿದ್ದೀರಲ್ಲ, ನಾಳೆ ಮದುವೆಯಾಗಿ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋದ್ರೆ ಏನ್ಮಾಡ್ತೀರ್ರೇ?" ಎಂದು ಕೇಳಿದರು. ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಾನೇ ಹಾಗೆ ಬೆಳೆಸಿದೆ, ಈಗ ಅನುಭವಿಸುತ್ತಿದ್ದೇನೆ. "ನಾವು ಬೇರೆ ಬೇರೆ ಹೋಗಲ್ಲ ಮೇಡಂ, ನಾವಿಬ್ರೂ ಪ್ರೀತಿಸ್ತಿದ್ದೀವಿ" ಅಂದುಬಿಟ್ಟಳು. ಮೇಡಂ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

ನಾವೇನೂ ಸುದ್ದಿ ಕೇಳಿ ಕುಣಿದಾಡಿದವರಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ನನ್ನ ಯಜಮಾನರು ಕೆಲಸವಿಲ್ಲದಿದ್ದರೂ ಒಂದೆರಡು ದಿನ ಅಂಗಡಿಯಲ್ಲೇ ಕೂತರು. ಕೊನೆಗೆ ಊಟಕ್ಕೆ ಕೂತಾಗ, "ಅಲ್ಲ ಕಣೇ, ಆ ಹುಡುಗಿ ಒಳ್ಳೇವಳೇ ಅಲ್ವಾ? ಹೋದ ಸಲ ಬಂದಾಗ ನಮ್ಮನೆ ಫ್ಯಾನೆಲ್ಲ ಒರೆಸಿಟ್ಟು ಹೋದ್ಲು" ಎಂದರು. ಅಲ್ಲಿಗೆ ನಮ್ಮ ಮನೆಯ ವಿಚಾರಣಾ ಸಮಿತಿ ಬರಖಾಸ್ತಾಯಿತು.

ತಮ್ಮ ಸಮಿತಿ ಮಾತ್ರ ಇನ್ನೂ ಸಭೆ ಸೇರುತ್ತಲೇ ಇದೆ. ನಮ್ಮನ್ನು ಕರೆಸಿದಿರಿ. ತಮ್ಮ ಕೋಣೆಯ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, "ನೋಡಿ, ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಆದ್ರೆ ಬೇರೆ ಹುಡುಗಿಯರ ಮೇಲೆ ಪ್ರಭಾವ ಬೀರುತ್ತೆ" ಎಂದಿರಿ. ನನ್ನ ಯಜಮಾನರು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ, "ಏನ್ ಪ್ರಭಾವ ಸರ್, ಕೋಣೆ ಗುಡಿಸೋದಾ?" ಎಂದು ಕೇಳಿದರು. ತಾವು ಗಂಟೆ ಒತ್ತಿ ಜವಾನನಿಗೆ ನೀರು ತರಲು ಹೇಳಿದಿರಿ.

ಉತ್ತರದ ಬದಲು ಕ್ರಮಗಳು ಬಂದವು. ಗೆಳತಿಯನ್ನು ಮೇಲಿನ ಮಹಡಿಗೆ ಹಾಕಿದಿರಿ. ಹಾಸ್ಟೆಲಿನಲ್ಲಿ ಇನ್ನು ಮುಂದೆ ಇಬ್ಬರೇ ಇರುವ ಕೋಣೆಯೇ ಇರಕೂಡದೆಂದು ಎಲ್ಲ ಕೋಣೆಗೂ ಮೂರನೇ ಮಂಚ ತುರುಕಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇಲ್ಲಿ ಎತ್ತಿಗೂ ಜ್ವರವಿರಲಿಲ್ಲ. ಈಗ ಯಾರ ಕೋಣೆಯಲ್ಲೂ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹುಡುಗಿಯರು ಅಡ್ಡಡ್ಡ ನುಸುಳಿ ಒಳಹೋಗುತ್ತಾರೆ. ಇನ್ನು ಆಪ್ತ ಸಮಾಲೋಚನೆ! ಅದಕ್ಕೆ ತಾವು ಆರಿಸಿದ್ದು ಕ್ರೀಡಾ ಬೋಧಕರನ್ನು. ಪಾಪ, ಅವರು ತಮಗೆ ತಿಳಿದ ಮದ್ದನ್ನೇ ಕೊಟ್ಟರು: "ಬೆಳಗ್ಗೆ ಎದ್ದು ಮೈದಾನ ಸುತ್ತಮ್ಮ, ಎಲ್ಲ ಸರಿಹೋಗುತ್ತೆ." ಮಗಳು ವಿಧೇಯಳಾಗಿ ಸುತ್ತಿದಳು. ಪ್ರೀತಿ ಇಳಿಯಲಿಲ್ಲ, ಹಸಿವು ಏರಿತು.

ಇಲ್ಲಿಂದ ಮುಂದೆ ನನಗೆ ತಮಾಷೆ ಮಾಡಲು ಬರುವುದಿಲ್ಲ, ಕ್ಷಮಿಸಿ. ಹಸಿದ ನನ್ನ ಮಗಳು ಮೆಸ್ಸಿಗೆ ಹೋಗುತ್ತಿಲ್ಲ. ಹೋದರೆ ಅವಳ ಮೇಜಿನ ಸುತ್ತ ಯಾರೂ ಕೂರುವುದಿಲ್ಲ. ಉಳಿದ ಹುಡುಗಿಯರು ಕೆಟ್ಟವರಲ್ಲ, ಅವರ ಮೇಲೆ ನನಗೆ ಕೋಪವೂ ಇಲ್ಲ. ಅವಳ ಪಕ್ಕ ಕೂತವರ ಮನೆಗೂ ಪ್ರಾಂಶುಪಾಲರ ಕಚೇರಿಯಿಂದ ಫೋನ್ ಹೋಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿದೆ. ತಾವು ಹಬ್ಬಿಸಿದಿರೆಂದು ನಾನು ಹೇಳುವುದಿಲ್ಲ. ಅಲ್ಲವೆಂದು ತಾವೂ ಹೇಳಲಿಲ್ಲ. ಗೆಳತಿಯನ್ನು ಊಟದ ಮೊದಲ ಸರದಿಗೂ ಇವಳನ್ನು ಕೊನೆಯ ಸರದಿಗೂ ಹಾಕಲಾಗಿದೆ. ಹಾಗಾಗಿ ಇವಳು ಮಂಚದ ಮೇಲೆ ಕೂತು ಬಿಸ್ಕತ್ತು ತಿಂದು ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅಮ್ಮಾ, ಪೆಟ್ಟಿಗೆ ಕಟ್ಟಿಟ್ಟಿದೀನಿ. ಮನೆಗೆ ಬಂದ್ಬಿಡ್ಲಾ?" ಎಂದಳು. ಕೊನೆಯ ವರ್ಷ. "ಬೇಡ ಪುಟ್ಟಿ, ಮುಗಿಸಿಕೊಂಡೇ ಬಾ" ಅಂದೆ. ಗಟ್ಟಿ ದನಿಯಲ್ಲೇ ಅಂದೆ. ಫೋನಿಟ್ಟ ಮೇಲೆ ಅತ್ತೆ.

ಆದ್ದರಿಂದ ನನ್ನ ಬೇಡಿಕೆ. ವಿಚಾರ ಸಂಕಿರಣ ಬೇಡ, ಇನ್ನೊಂದು ಸಮಿತಿಯಂತೂ ದಯವಿಟ್ಟು ಬೇಡ. ಪಾರಿತೋಷಕ ತಮ್ಮ ಕಪಾಟಿನಲ್ಲೇ ಇರಲಿ, ಅದರ ಧೂಳು ಒರೆಸುವ ಕಷ್ಟವೂ ತಮಗೇ ಇರಲಿ. ಬರುವ ಸೋಮವಾರ ಮಧ್ಯಾಹ್ನ ತಾವು ಹಾಸ್ಟೆಲಿನ ಮೆಸ್ಸಿಗೆ ಬನ್ನಿ. ಇಬ್ಬರು ಹುಡುಗಿಯರಿಗೂ ಒಂದೇ ಸರದಿಗೆ ಬರಲು ಹೇಳಿ. ಸಾಲಿನಲ್ಲಿ ನಿಂತು ತಟ್ಟೆ ತೆಗೆದುಕೊಂಡು, ಎಲ್ಲರ ಕಣ್ಣೆದುರಿಗೆ ಅವರ ಮೇಜಿನಲ್ಲಿ ಕೂತು ಊಟ ಮಾಡಿ. ಏನು ಮಾತಾಡುವುದೆಂಬ ಚಿಂತೆ ಬೇಡ. ಊಟ ಚೆನ್ನಾಗಿಲ್ಲ ಅನ್ನಿ, ಹಾಸ್ಟೆಲಿನಲ್ಲಿ ಎಲ್ಲರೂ ಒಪ್ಪುವ ಮಾತು ಅದೊಂದೇ. ತಾವು ಕೂತಲ್ಲಿ ಕೂರಲು ಯಾವ ಹುಡುಗಿಗೂ ಭಯವಿರುವುದಿಲ್ಲ. ತಾವು ಕೈತೊಳೆಯಲು ಏಳುವಷ್ಟರಲ್ಲಿ ಆ ಮೇಜು ತುಂಬಿರುತ್ತದೆ. ಅದು ತಮ್ಮಿಂದ ಮಾತ್ರ ಆಗುವ ಕೆಲಸ, ನನ್ನಿಂದ ಆಗುವಂತಿದ್ದರೆ ತಮಗೆ ಬರೆಯುತ್ತಿರಲಿಲ್ಲ.

ನನ್ನ ಮಗಳು ಹೆಚ್ಚು ತಿನ್ನುವವಳಲ್ಲ. ಎರಡು ತುತ್ತು ಸಾಕು ಅವಳಿಗೆ. ಆದರೆ ಒಬ್ಬಳೇ ಕೂತರೆ ಆ ಎರಡು ತುತ್ತೂ ಗಂಟಲಲ್ಲಿ ಇಳಿಯುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ.

ಇಂತಿ,
ಮನೆಗೆ ಬರುತ್ತೇನೆಂದ ಮಗಳಿಗೆ ಬೇಡವೆಂದ ತಾಯಿ