ಬಾಣಗಳಿಲ್ಲದ ಚೌಕ

ಬಾವಿಯೂರು, ಏಳನೆಯ ಅಂತಸ್ತು
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹದಿನೇಳು

ಚಿರಂಜೀವಿ ತಬಸ್ಸುಮ್‌ಗೆ ಆಶೀರ್ವಾದಗಳು.

ತಾರೀಖನ್ನು ಕಂಡು ಕೈತಪ್ಪೆಂದು ತಿಳಿಯಬೇಡ. ಪಂಚಾಂಗವನ್ನು ತಿದ್ದಿದ ಮೇಲೆ ಫೆಬ್ರವರಿಗೂ ಮೂವತ್ತು ದಿನಗಳಾದವು. ನನ್ನ ಕೆಲವು ಪದಗಳು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಬಂದ ಜಾಗದಲ್ಲೇ ಬಿಡಿಸಿ ಹೇಳುತ್ತೇನೆ. ನೀನು ನನಗಿಂತ ಸುಮಾರು ನೂರ ನಲವತ್ತು ವರ್ಷ ಹಿರಿಯಳು. ಆದರೆ ನನ್ನ ಮೇಜಿನ ಮೇಲಿರುವುದು ನಿನ್ನ ಪ್ರಥಮ ಪಿಯುಸಿಯ ಹೋಂವರ್ಕ್ ಪುಸ್ತಕವಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ನಲವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಅಷ್ಟು ಸಲಿಗೆ ಇರಲಿ.

ನಮ್ಮ ಊರು ಒಂದು ಹಳೆಯ ಚಿನ್ನದ ಗಣಿಯ ಬಾವಿಯೊಳಗಿದೆ. ಮೇಲಿನ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಕೆಳಗಿಳಿದರು. ಹಾಲು, ಸೊಪ್ಪು, ಮದುವೆಯ ದಿಬ್ಬಣ, ಹೆಣ, ಎಲ್ಲವೂ ತೊಟ್ಟಿಲಿನಲ್ಲೇ ಏರಿ ಇಳಿಯಬೇಕು. ತೊಟ್ಟಿಲೆಂದರೆ ನಿಮ್ಮ ಲಿಫ್ಟು. ಒಂದರಲ್ಲಿ ಐವತ್ತು ಜನ ಹಿಡಿಯುತ್ತಾರೆ. ಅದನ್ನು ನಡೆಸುವವರು ಬಾವಿಯ ಬಾಯಲ್ಲಿ ನಿಂತು ಪರೀಕ್ಷಕರಿಗೆ ಉತ್ತರ ಹೇಳಿ ತೇರ್ಗಡೆಯಾಗಬೇಕು. ಅಲ್ಲಿ ಉತ್ತರಗನ್ನಡಿಗೆ ಪ್ರವೇಶವಿಲ್ಲ. ಉತ್ತರಗನ್ನಡಿ ಎಂಬುದು ಪ್ರತಿ ಮನೆಯ ಗೋಡೆಯಲ್ಲೂ ಇರುವ ಹಲಗೆ. ಲೆಕ್ಕವನ್ನು ತೋರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಹಂತಗಳನ್ನೂ ಮುತ್ತು ಪೋಣಿಸಿದಂತೆ ಬರೆದು ತೋರಿಸುತ್ತದೆ. ಅದು ತಪ್ಪುವುದಿಲ್ಲ. ನನಗೆ ರೇಗುವುದೇ ಅದಕ್ಕೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ತಪ್ಪೆಂದು ಹೊಡೆದುಹಾಕಿದ ಒಂದು ಗೆರೆಯೂ ಇಲ್ಲ. ಎಲ್ಲಿ ಎಡವಿದರೆಂದು ತಿಳಿಯದ ಮೇಲೆ ನಾನು ಎಲ್ಲಿಂದ ಕೈ ಹಿಡಿದು ಎತ್ತಲಿ?

ಚೌಡಮ್ಮ ಎಂಬ ಹತ್ತೊಂಬತ್ತರ ಹುಡುಗಿ ತಿಂಗಳಿನಿಂದ ನನ್ನಲ್ಲಿಗೆ ಪಾಠಕ್ಕೆ ಬರುತ್ತಿದ್ದಾಳೆ. ಅವಳ ತಾಯಿ ಇಪ್ಪತ್ತು ವರ್ಷ ತೊಟ್ಟಿಲು ನಡೆಸಿದವಳು. ಮಗಳು ಆ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ನಪಾಸಾಗಿದ್ದಾಳೆ. ನಾಡಿದ್ದು ಮೂರನೆಯದು, ಕಡೆಯದು. ಅವಳು ಸಿಕ್ಕಿಬಿದ್ದಿರುವುದು ಒಂದೇ ಲೆಕ್ಕದಲ್ಲಿ. ಐವತ್ತು ಕಿಲೋಗ್ರಾಂ ತೂಕದ ವ್ಯಕ್ತಿ ನಿಂತಿರುವ ತೊಟ್ಟಿಲು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಎರಡು ಮೀಟರಿನಂತೆ ವೇಗ ಹೆಚ್ಚಿಸಿಕೊಳ್ಳುತ್ತ ಮೇಲೇರುವಾಗ ನೆಲ ಅವನನ್ನು ಎಷ್ಟು ಬಲದಿಂದ ತಳ್ಳುತ್ತದೆ? ಉತ್ತರ ಅವಳಿಗೆ ಬಾಯಿಪಾಠ. ಅದರಲ್ಲಿ ನಂಬಿಕೆಯಿಲ್ಲ. ಪರೀಕ್ಷಕರು ಒಂದು ಅಂಕಿಯನ್ನು ಬದಲಿಸಿದರೆ ಕುಸಿಯುತ್ತಾಳೆ. ಹನ್ನೊಂದು ಸಲ ವಿವರಿಸಿದ್ದೇನೆ. ಹನ್ನೆರಡನೆಯ ಸಲ ನನ್ನ ದನಿ ಏರಿದಾಗ ಅವಳು ಪೆನ್ಸಿಲನ್ನು ಕೆಳಗಿಟ್ಟು, ಕನ್ನಡೀನೂ ಇದನ್ನೇ ಹೇಳ್ತು, ನೀವೂ ಇದನ್ನೇ ಹೇಳ್ತೀರ ಮೇಷ್ಟ್ರೇ, ಅದಕ್ಕೆ ಕೋಪ ಬರಲ್ಲ, ಅಷ್ಟೇ ವ್ಯತ್ಯಾಸ, ಎಂದು ಎದ್ದುಹೋದಳು. ಅಂದು ನನಗೆ ಊಟ ಸೇರಲಿಲ್ಲ.

ಆ ಸಿಟ್ಟಿನಲ್ಲೇ, ಹಿರಿಯರು ಮೇಲಿನಿಂದ ತಂದಿದ್ದ ಹಳೆಯ ಕಾಗದಗಳ ಕಪಾಟನ್ನು ಕೆದಕುವಾಗ ನಿನ್ನ ಪುಸ್ತಕ ಸಿಕ್ಕಿತು. ಸಮೀಕರಣಗಳು ಇಂಗ್ಲಿಷಿನಲ್ಲಿ, ಸಂಶಯಗಳು ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಅಲ್ಲಿಯೇ ನೀನು ನಮ್ಮವಳಾದೆ. ಮೂವತ್ತೇಳನೆಯ ಪುಟದಲ್ಲಿ ಅದೇ ಲೆಕ್ಕ. ನಾನೂರ ತೊಂಬತ್ತು ಎಂದು ಬರೆದು ಹೊಡೆದುಹಾಕಿದ್ದೀಯೆ. ಮುನ್ನೂರ ತೊಂಬತ್ತು ಎಂದು ಬರೆದು ಅದನ್ನೂ ಹೊಡೆದಿದ್ದೀಯೆ. ಅಂಚಿನಲ್ಲಿ, 'ಮೇಲೆ ಹೋಗುವಾಗ ಹಗುರ ಆಗಬೇಕಲ್ವಾ? ಸರ್ ಹತ್ರ ಕೇಳಬೇಕು' ಎಂದಿದೆ. ಚೌಡಮ್ಮನ ಸಂಶಯವೂ ಇದೇ. ಪುಟ ತಿರುಗಿಸಿದರೆ ಐನೂರ ತೊಂಬತ್ತು ನ್ಯೂಟನ್, ಕೆಳಗೆ ಎರಡು ಗೆರೆ. ಸರಿಯುತ್ತರ. ಆದರೆ ನಿಮ್ಮ ಮೇಷ್ಟ್ರು ಏನು ಹೇಳಿದರೆಂಬುದು ಒಂದಕ್ಷರವೂ ಇಲ್ಲ. ಸಹಾಯ ಸಿಕ್ಕಿತು, ದಾಖಲಾಗಲಿಲ್ಲ. ನಿನ್ನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಇಂದು ಮಧ್ಯಾಹ್ನ ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಆ ಉತ್ತರದ ಮೇಲ್ಗಡೆ ಪೆನ್ಸಿಲಿನಲ್ಲಿ, ದೊಡ್ಡವರ ಕೈಯ ದಪ್ಪ ಗೆರೆಗಳಲ್ಲಿ, ಒಂದು ಚೌಕವಿದೆ. ಪೆನ್ಸಿಲಿನ ಬಾಣಗಳಿಲ್ಲ, ಅಕ್ಷರಗಳಿಲ್ಲ. ಚೌಕಕ್ಕೆ ಎಳೆದ ಬಾಣಗಳೆರಡೂ ನಿನ್ನ ನೀಲಿ ಶಾಯಿಯವು: ಕೆಳಗೆಳೆಯುವ ತೂಕದ್ದು ಗಿಡ್ಡ, ಮೇಲೆ ತಳ್ಳುವ ನೆಲದ್ದು ಉದ್ದ. ಮೊದಲ ಬಾಣದ ಬುಡದಲ್ಲಿ ರಾಗಿಕಾಳಿನಷ್ಟು ಶಾಯಿ ಹರಡಿದೆ. ಪೆನ್ನನ್ನು ಅಲ್ಲಿ ಊರಿ ನೀನು ಬಹಳ ಹೊತ್ತು ಯೋಚಿಸಿದ್ದೀಯೆ. ನಿಮ್ಮ ಮೇಷ್ಟ್ರು ಪಕ್ಕದಲ್ಲೇ ಕುಳಿತು ಏನೂ ಹೇಳಿಲ್ಲ. ನಾನಾದರೋ ನಲವತ್ತೆರಡು ವರ್ಷ ಬಾಣಗಳನ್ನು ನಾನೇ ಎಳೆದೆ, ಅಳತೆಪಟ್ಟಿ ಇಟ್ಟು, ಬಹಳ ಅಂದವಾಗಿ.

ಅಷ್ಟು ಶಾಯಿ ಹರಡಲು ಎಷ್ಟು ಹೊತ್ತು ಬೇಕೆಂದು ಪ್ರಯೋಗ ಮಾಡಿದೆ. ನಿಮ್ಮ ಕಾಲದ ಶಾಯಿಯೂ ಕಾಗದವೂ ನನ್ನಲ್ಲಿಲ್ಲ. ಹತ್ತು ಸಲ ಮಾಡಿದರೂ ಹತ್ತು ಬಗೆಯ ಉತ್ತರ.

ನಾಳೆ ಬೆಳಗ್ಗೆ ಬಾ ಎಂದು ಚೌಡಮ್ಮನಿಗೆ ಹೇಳಿಕಳಿಸಿದ್ದೇನೆ. ಬರುತ್ತೇನೆ, ಆದರೆ ಬೈದರೆ ಎದ್ದುಹೋಗುತ್ತೇನೆ ಎಂದು ಉತ್ತರ ಬಂದಿದೆ. ಚೌಕ ಬರೆದು ಪೆನ್ಸಿಲನ್ನು ಅವಳ ಕೈಗೆ ಕೊಡುವುದು ನನಗೆ ಕಷ್ಟವಲ್ಲ. ಅವಳು ಮೊದಲ ಬಾಣವನ್ನು ತಪ್ಪಾಗಿ ಎಳೆಯುವುದನ್ನು ಕಂಡೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಶಕ್ತಿಗೆ ಮೀರಿದ್ದು. ಆದ್ದರಿಂದ ಒಂದೇ ಕೋರಿಕೆ. ನಿಮ್ಮ ಮೇಷ್ಟ್ರು ಎಷ್ಟು ಹೊತ್ತು ಸುಮ್ಮನಿದ್ದರೆಂಬುದನ್ನು ಆ ಚೌಕದ ಪಕ್ಕದಲ್ಲಿ ಬರೆದಿಡು. ನಿಮಿಷಗಳಲ್ಲಿದ್ದರೆ ಸಾಕು. ನೀನು ಅಂದು ಬರೆದರೆ ಇಂದು ನನ್ನ ಮೇಜಿನ ಮೇಲಿನ ಪುಟದಲ್ಲೂ ಇರುತ್ತದೆ.

ಈಗಷ್ಟೇ ಪುಟ ತೆರೆದು ನೋಡಿದೆ. ಆ ಜಾಗ ಖಾಲಿಯಿದೆ. ನಾಳೆ ಅವಳು ಬರುವ ಮುನ್ನ ಇನ್ನೊಮ್ಮೆ ನೋಡುತ್ತೇನೆ.

ಇತಿ,
ಕೆ. ದೊಡ್ಡನಂಜಯ್ಯ
ನಿವೃತ್ತ ಭೌತಶಾಸ್ತ್ರ ಅಧ್ಯಾಪಕ